ದನದ ನೀರಿಗೆ ಬೆಳ್ಳಿ: ಮನೆಯಲ್ಲಿ ಕಟ್ಟುವ ಎಲೆಕ್ಟ್ರಾಲಿಸಿಸ್ ಘಟಕದ ವಿಮರ್ಶೆ

ಎರಡು ಬೆಳ್ಳಿ ಪಟ್ಟಿ, ಒಂದು 12 ವೋಲ್ಟ್ ಅಡಾಪ್ಟರ್, ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಒಂದೇ ಅಂಗಡಿಯಲ್ಲಿ ಸಿಗುವ ನಾಲ್ಕಾರು ಬಿಡಿ ಭಾಗ. ಬ್ಯಾಕ್ಟೀರಿಯಾ ತಡೆಯಲೆಂದು ದನ ಕುಡಿಯುವ ನೀರಿಗೆ ಬೆಳ್ಳಿ ಅಯಾನ್ (ವಿದ್ಯುದಂಶವಿರುವ ಬೆಳ್ಳಿ ಕಣ) ಬಿಡುವ ಘಟಕ ಕಟ್ಟಲು ಬೇಕಾದದ್ದು ಇಷ್ಟೇ. ಬೆಸುಗೆ ಹಾಕಲು ಬರುವವರು ಒಂದು ಭಾನುವಾರದಲ್ಲಿ ಕಟ್ಟಿ ಮುಗಿಸಬಹುದು. ಆದರೆ ಕಟ್ಟಿದ್ದು ನಿಜವಾಗಿ ಕೆಲಸ ಮಾಡುತ್ತಿದೆಯೇ ಎಂದು ಹೇಳುವುದು ಅಷ್ಟು ಸುಲಭವಲ್ಲ. ಕರೆಂಟಿನ ಮೀಟರ್ 20 ಮಿಲಿಆಂಪಿಯರ್ ತೋರಿಸುತ್ತಿರುತ್ತದೆ, ನೀರಿಗೆ ಒಂದು ಮೈಕ್ರೋಗ್ರಾಂ ಬೆಳ್ಳಿಯೂ ಇಳಿದಿರುವುದಿಲ್ಲ. ಈ ಯಂತ್ರದ ದೊಡ್ಡ ದೋಷ ಇದೇ.

ತೀರ್ಪು ಮೊದಲೇ ಹೇಳಿಬಿಡುವುದು ವಾಸಿ. ಮಳೆನೀರು ಅಥವಾ ಮಲೆನಾಡಿನ ಅಬ್ಬಿ ನೀರನ್ನು ಮುಚ್ಚಿದ ಟ್ಯಾಂಕಿನಲ್ಲಿ ಕೂಡಿಟ್ಟು ದನಕ್ಕೆ ಕೊಡುವವರಿಗೆ ಇದು ಪರವಾಗಿಲ್ಲ ಎನ್ನಬಹುದಾದ ಸಾಧನ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯ ಉಪ್ಪುಪ್ಪಾದ ಬೋರ್‌ವೆಲ್ ನೀರಿಗೆ ಇದನ್ನು ಕಟ್ಟುವುದು ಹಣ ದಂಡ. ಅಲ್ಲಿ ಒಂದು ಡಬ್ಬ ಬ್ಲೀಚಿಂಗ್ ಪೌಡರ್ ಇದಕ್ಕಿಂತ ಎಷ್ಟೋ ಮೇಲು.

ಲೆಕ್ಕ ಎಲ್ಲಿಂದ ಬರುತ್ತದೆ

ಬೆಳ್ಳಿಯ ಪ್ಲಸ್ ಪಟ್ಟಿಯಿಂದ ಕರಗುವ ಬೆಳ್ಳಿಯ ತೂಕ, ಹರಿದ ಕರೆಂಟಿನ ಲೆಕ್ಕಕ್ಕೆ ಸರಿಯಾಗಿ ಇರುತ್ತದೆ. ಫ್ಯಾರಡೆ ನಿಯಮದ ಪ್ರಕಾರ 1 ಮಿಲಿಆಂಪಿಯರ್ ಒಂದು ಗಂಟೆ ಹರಿದರೆ 4.02 ಮಿ.ಗ್ರಾಂ. ಈ ಒಂದು ಅಂಕಿ ನೆನಪಿದ್ದರೆ ಸಾಕು, ಉಳಿದದ್ದೆಲ್ಲ ಗುಣಾಕಾರ, ಭಾಗಾಕಾರ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಬೆಳ್ಳಿಗೆ ಹಾಕಿರುವ ಗರಿಷ್ಠ ಮಿತಿ ಲೀಟರಿಗೆ 0.1 ಮಿ.ಗ್ರಾಂ, ಅಂದರೆ 100 ಮೈಕ್ರೋಗ್ರಾಂ. ಅದರ ಅರ್ಧ, 50 ಮೈಕ್ರೋಗ್ರಾಂ, ಗುರಿಯಾಗಿಟ್ಟುಕೊಳ್ಳುವುದು ಕ್ಷೇಮ. 1000 ಲೀಟರಿಗೆ ಅದು 50 ಮಿ.ಗ್ರಾಂ ಆಗುತ್ತದೆ. 20 ಮಿಲಿಆಂಪಿಯರ್ ಕೊಟ್ಟರೆ ಗಂಟೆಗೆ ಸುಮಾರು 80 ಮಿ.ಗ್ರಾಂ ಕರಗುತ್ತದೆ. ಹಾಗಾಗಿ ಸಾವಿರ ಲೀಟರಿಗೆ 37 ನಿಮಿಷ. ಇದು ಪೂರ್ತಿ ಕರೆಂಟು ಬೆಳ್ಳಿ ಕರಗಿಸುವುದಕ್ಕೇ ಹೋಯಿತು ಎಂದುಕೊಂಡಾಗಿನ ಲೆಕ್ಕ. ವಾಸ್ತವದಲ್ಲಿ ಸ್ವಲ್ಪ ಕಡಿಮೆಯೇ ಸಿಗುತ್ತದೆ.

ಪೇಚು ಇರುವುದು ನೀರಿನಲ್ಲಿ. ಕರೆಂಟ್ ಸಲೀಸಾಗಿ ಹರಿಯಬೇಕಾದರೆ ನೀರಿನಲ್ಲಿ ಲವಣ ಬೇಕು. ಆ ಲವಣದಲ್ಲಿ ಕ್ಲೋರೈಡ್ ಇದ್ದರೆ ಅದು ಬೆಳ್ಳಿಯನ್ನು ಹಿಡಿದು ಕಟ್ಟಿಹಾಕುತ್ತದೆ. ಲೀಟರಿಗೆ 250 ಮಿ.ಗ್ರಾಂ ಕ್ಲೋರೈಡ್ ಇರುವ ನೀರಿನಲ್ಲಿ ಬಿಡಿಯಾಗಿ ಓಡಾಡಬಲ್ಲ ಬೆಳ್ಳಿ ಅಯಾನ್ 3 ಮೈಕ್ರೋಗ್ರಾಂ ಮೀರುವುದಿಲ್ಲ. ಎಷ್ಟು ಕರೆಂಟ್ ಹರಿಸಿದರೂ ಅಷ್ಟೇ, ಏಕೆಂದರೆ ಸಿಲ್ವರ್ ಕ್ಲೋರೈಡಿನ ಕರಗುವ ಗುಣಕ್ಕೇ ಅಷ್ಟು ಮಿತಿ ಇದೆ. ಉಳಿದದ್ದು ಕ್ಲೋರೈಡಿನ ಜೊತೆ ಜೋಡಿಯಾಗಿ ಕರಗಿರುತ್ತದೆ, ಇಲ್ಲವೇ ಬಿಳಿ ಪುಡಿಯಾಗಿ ತಳ ಸೇರುತ್ತದೆ. ಬ್ಯಾಕ್ಟೀರಿಯಾ ಮೇಲೆ ಚುರುಕಾಗಿ ಕೆಲಸ ಮಾಡುವುದು ಬಿಡಿ ಅಯಾನ್. ಹೀಗಾಗಿ ಬಯಲುಸೀಮೆಯ ಎಷ್ಟೋ ಬೋರ್‌ವೆಲ್‌ಗಳಲ್ಲಿ ಯಂತ್ರ ಚೆನ್ನಾಗಿ ‘ಓಡುತ್ತದೆ’, ನೀರು ಮಾತ್ರ ಇದ್ದ ಹಾಗೇ ಇರುತ್ತದೆ. ಮಲೆನಾಡಿನ ಮೆದು ನೀರಿನಲ್ಲಿ ಬೆಳ್ಳಿ ಕೆಲಸ ಮಾಡಬಲ್ಲದು, ಆದರೆ 12 ವೋಲ್ಟಿಗೆ ಅಲ್ಲಿ ಕರೆಂಟೇ ಹರಿಯುವುದಿಲ್ಲ. ಈ ಎರಡರ ನಡುವೆ ನಿಮ್ಮ ನೀರು ಎಲ್ಲಿದೆ ಎಂದು ತಿಳಿಯದೆ ಬೆಳ್ಳಿ ಕೊಳ್ಳಲು ಹೋಗಬೇಡಿ. ನೀರಿನ ಪರೀಕ್ಷಾ ವರದಿಯಲ್ಲಿ ಕ್ಲೋರೈಡ್ ಮತ್ತು ವಾಹಕತೆ, ಈ ಎರಡು ಸಾಲು ನೋಡಿದರೆ ಸಾಕು. ಕ್ಲೋರೈಡ್ 50 ದಾಟಿದ್ದರೆ ಯೋಚಿಸಿ, 100 ದಾಟಿದ್ದರೆ ಇಲ್ಲಿಗೇ ಬಿಟ್ಟುಬಿಡಿ.

ಅಂದಹಾಗೆ, ‘ಬೇಗ ಆಗಲಿ ಅಂತ ಒಂದು ಚಿಟಿಕೆ ಉಪ್ಪು ಹಾಕಿ’ ಎನ್ನುವ ಸಲಹೆ ಎಲ್ಲೆಲ್ಲೂ ಓಡಾಡುತ್ತಿದೆ. ಇಡೀ ವಿಷಯದಲ್ಲಿ ಇದಕ್ಕಿಂತ ಕೆಟ್ಟ ಸಲಹೆ ಇನ್ನೊಂದಿಲ್ಲ. ಉಪ್ಪು ಬಿದ್ದ ತಕ್ಷಣ ಪಟ್ಟಿಗಳ ನಡುವೆ ಹಾಲಿನ ಬಣ್ಣದ ಮೋಡ ಏಳುತ್ತದೆ. ‘ಬೆಳ್ಳಿ ಬಿಡ್ತಾ ಇದೆ ನೋಡಿ’ ಎಂದು ಜನ ಖುಷಿಪಡುತ್ತಾರೆ. ಅದು ಸಿಲ್ವರ್ ಕ್ಲೋರೈಡ್. ಬಿಸಿಲು ತಗುಲಿದರೆ ನೇರಳೆ ಮಿಶ್ರಿತ ಕಪ್ಪಾಗಿ ಟ್ಯಾಂಕಿನ ತಳದಲ್ಲಿ ಕೂರುತ್ತದೆ. ನಿಮ್ಮ ದುಡ್ಡೂ ಅಲ್ಲೇ ಕೂರುತ್ತದೆ.

ಬೆಳ್ಳಿ ಪಟ್ಟಿ

ಬೇಕಾದದ್ದು 999 ಶುದ್ಧತೆಯ ಬೆಳ್ಳಿ. ಹಳೆಯ ಕಾಲ್ಗೆಜ್ಜೆ, ಉಡಿದಾರ, ಕುಂಕುಮದ ಬಟ್ಟಲು ಕರಗಿಸಿ ಪಟ್ಟಿ ಮಾಡಿಸುವ ಯೋಚನೆ ಬೇಡ. 925ರ ಬೆಳ್ಳಿಯಲ್ಲೇ ಉಳಿದ ಶೇ 7.5 ಭಾಗ ಸಾಮಾನ್ಯವಾಗಿ ತಾಮ್ರ. ಗೆಜ್ಜೆಯಲ್ಲಿ ಅದಕ್ಕಿಂತ ಹೆಚ್ಚು ಬೆರಕೆ, ಅದರ ಬೆಸುಗೆಯಲ್ಲಿ ಇನ್ನೇನಿರುತ್ತದೋ. ಕರೆಂಟ್ ಬಿಟ್ಟಾಗ ಬೆಳ್ಳಿಗಿಂತ ಮೊದಲು ಈ ಬೆರಕೆ ಲೋಹಗಳೇ ಕರಗುತ್ತವೆ. 999ರ ನಾಣ್ಯ ಅಥವಾ ಗಟ್ಟಿ ಕೊಂಡು, ಅಕ್ಕಸಾಲಿಯ ಹತ್ತಿರ ಬೇರೇನೂ ಸೇರಿಸದೆ ಪಟ್ಟಿ ಎಳೆಸಿಕೊಂಡು, ಕೊನೆಗೆ ಟಚ್ (ಶುದ್ಧತೆ) ನೋಡಿಸಿಕೊಳ್ಳಿ.

ಅಳತೆ: 80 ಮಿ.ಮೀ. ಉದ್ದ, 10 ಮಿ.ಮೀ. ಅಗಲ, 2 ಮಿ.ಮೀ. ದಪ್ಪ. ಇಂಥ ಎರಡು. ಒಂದೊಂದೂ ಸುಮಾರು 17 ಗ್ರಾಂ ತೂಗುತ್ತದೆ. ಇದು ನೀರಿನೊಳಗಿರುವ ಭಾಗದ ಲೆಕ್ಕ. ಹೊರಗೆ ಬರುವ ತುದಿಗೆ ಇನ್ನೊಂದು 25 ಮಿ.ಮೀ. ಹೆಚ್ಚಿಗೆ ಇರಲಿ, ಅಕ್ಕಸಾಲಿ ಅದನ್ನು ತಂತಿಯ ಹಾಗೆ ಸಣ್ಣಗೆ ಎಳೆದುಕೊಟ್ಟರೆ ಒಳ್ಳೆಯದು. ಕಾರಣ, ವೈರ್ ಮತ್ತು ಬೆಳ್ಳಿ ಸೇರುವ ಬೆಸುಗೆ ಯಾವ ಕಾರಣಕ್ಕೂ ನೀರಿಗೆ ತಗುಲಬಾರದು. ಬೆಸುಗೆಯ ತವರ, ಸೀಸ ಮತ್ತು ವೈರಿನ ತಾಮ್ರ ಬೆಳ್ಳಿಗಿಂತ ಬೇಗ ಕರಗುತ್ತವೆ. ದನಕ್ಕೆ ಸೀಸ ಕುಡಿಸಲು ಇದಕ್ಕಿಂತ ಸುಲಭದ ದಾರಿ ಇನ್ನೊಂದಿಲ್ಲ. ಮೇಲೆ ಅರಾಲ್ಡೈಟ್ ಹಚ್ಚಿದರೂ ನಂಬುವಂತಿಲ್ಲ, ಬಿರುಕಿನಲ್ಲಿ ನೀರು ಇಳಿದೇ ಇಳಿಯುತ್ತದೆ.

ಎರಡನೆಯ ಪಟ್ಟಿಗೆ ಸ್ಟೀಲ್ ಹಾಕಿ ಬೆಳ್ಳಿ ಉಳಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಹಾಕಬಹುದು, ಆದರೆ ಆಗ ಪ್ಲಸ್ ಮೈನಸ್ ಅದಲುಬದಲು ಮಾಡುವಂತಿಲ್ಲ. ಸ್ಟೀಲ್ ಪಟ್ಟಿ ಪ್ಲಸ್ ಆದ ಗಳಿಗೆಯಿಂದ ಕಬ್ಬಿಣ, ಕ್ರೋಮಿಯಂ, ನಿಕ್ಕಲ್ ನೀರಿಗೆ ಬರಬಹುದು. ಅದಲುಬದಲು ಇಲ್ಲದೆ ಗಡಸು ನೀರಿನಲ್ಲಿ ಈ ಘಟಕ ಹೆಚ್ಚು ದಿನ ನಡೆಯುವುದಿಲ್ಲ. ಎರಡೂ ಬೆಳ್ಳಿಯದೇ ಇರಲಿ.

ಸರ್ಕ್ಯೂಟ್

ಮೂರು 9 ವೋಲ್ಟ್ ಬ್ಯಾಟರಿ ಸಾಲಾಗಿ ಜೋಡಿಸಿ 27 ವೋಲ್ಟ್ ನೇರವಾಗಿ ಪಟ್ಟಿಗೆ ಕೊಡುವ ವಿನ್ಯಾಸ ಬಹಳ ಪ್ರಸಿದ್ಧ. ಇದರಲ್ಲಿ ಕರೆಂಟಿಗೆ ಲಗಾಮೇ ಇಲ್ಲ. ನೀರಿಗೆ ಬೆಳ್ಳಿ ಸೇರಿದಷ್ಟೂ ವಾಹಕತೆ ಏರುತ್ತದೆ, ಕರೆಂಟೂ ಏರುತ್ತದೆ. ಎಷ್ಟು ಬೆಳ್ಳಿ ಹೋಯಿತು ಎಂದು ಹೇಳಲು ದಾರಿ ಉಳಿಯುವುದಿಲ್ಲ. ಹೀಗಾಗಿ ಸ್ಥಿರ ಕರೆಂಟ್ ಮೂಲ ಕಡ್ಡಾಯ.

ಅದಕ್ಕೆ ಎಲ್‌ಎಂ317 ಎಂಬ ಮೂರು ಕಾಲಿನ ಐಸಿ ಸಾಕು. ಔಟ್‌ಪುಟ್ ಕಾಲು ಮತ್ತು ಅಡ್ಜಸ್ಟ್ ಕಾಲಿನ ನಡುವೆ ಒಂದು ರೆಸಿಸ್ಟರ್ ಹಾಕಿ, ಅಡ್ಜಸ್ಟ್ ಕಾಲಿನಿಂದ ಪಟ್ಟಿಗೆ ವೈರ್ ತೆಗೆಯಬೇಕು. 1.25ನ್ನು ರೆಸಿಸ್ಟರ್ ಬೆಲೆಯಿಂದ ಭಾಗಿಸಿದರೆ ಬರುವುದೇ ಕರೆಂಟ್. 62 ಓಮ್ ಹಾಕಿದರೆ 20 ಮಿಲಿಆಂಪಿಯರ್, 120 ಓಮ್ ಹಾಕಿದರೆ 10. ಅದಕ್ಕಿಂತ ಕೆಳಗೆ ಈ ಐಸಿಯನ್ನು ನೆಚ್ಚಬೇಡಿ. ಅದರ ಕನಿಷ್ಠ ಲೋಡ್ ಕರೆಂಟ್ 10 ಮಿಲಿಆಂಪಿಯರ್‌ವರೆಗೂ ಇರಬಹುದು ಎಂದು ತಯಾರಕರ ಹಾಳೆಯಲ್ಲೇ ಇದೆ. 3 ಅಥವಾ 5 ಮಿಲಿಆಂಪಿಯರ್ ಬೇಕೆಂದು ದೊಡ್ಡ ರೆಸಿಸ್ಟರ್ ಹಾಕಿದರೆ ಒಂದು ಐಸಿಯಲ್ಲಿ ಸರಿ ಬರುತ್ತದೆ, ಅದೇ ಪೆಟ್ಟಿಗೆಯ ಇನ್ನೊಂದರಲ್ಲಿ ಬರುವುದಿಲ್ಲ. ಕಡಿಮೆ ಬೆಳ್ಳಿ ಬೇಕಾದರೆ ಕರೆಂಟ್ ಇಳಿಸುವ ಬದಲು ಟೈಮರಿನಿಂದ ಹೊತ್ತು ಇಳಿಸಿ.

ಪಟ್ಟಿಗಳ ನಡುವೆ 10 ಮಿ.ಮೀ. ಅಂತರ, ನೀರಿನ ವಾಹಕತೆ 800 ಮೈಕ್ರೋಸೀಮೆನ್ಸ್ ಎಂದಿಟ್ಟುಕೊಳ್ಳಿ. ನೀರಿನ ರೋಧ ಸುಮಾರು 150 ಓಮ್ ಬರುತ್ತದೆ. 20 ಮಿಲಿಆಂಪಿಯರ್‌ಗೆ 3 ವೋಲ್ಟ್, ಪಟ್ಟಿಯ ಮೇಲ್ಮೈಯಲ್ಲಿ ಕಳೆಯುವುದು ಸೇರಿ 4ರಿಂದ 5. ಐಸಿಗೆ 3 ವೋಲ್ಟ್ ಬಿಟ್ಟರೂ 12 ವೋಲ್ಟಿನಲ್ಲಿ ಆರಾಮಾಗಿ ನಡೆಯುತ್ತದೆ. ಮಳೆನೀರಿನ ವಾಹಕತೆ 50 ಎಂದುಕೊಂಡರೆ ಅದೇ ರೋಧ 2500 ಓಮ್ ಆಗುತ್ತದೆ, 20 ಮಿಲಿಆಂಪಿಯರ್‌ಗೆ 50 ವೋಲ್ಟ್ ಬೇಕು. ಇರುವ 9 ವೋಲ್ಟಿನಲ್ಲಿ 4 ಮಿಲಿಆಂಪಿಯರ್ ಕೂಡ ಹರಿಯದು. ಟೈಮರ್ ಮಾತ್ರ ತನ್ನ ಪಾಡಿಗೆ 37 ನಿಮಿಷ ಎಣಿಸಿ ನಿಂತುಬಿಡುತ್ತದೆ. ಮೆದು ನೀರಿಗೆ 24 ವೋಲ್ಟ್ ಅಡಾಪ್ಟರ್, 5 ಮಿ.ಮೀ. ಅಂತರ, 10 ಮಿಲಿಆಂಪಿಯರ್ ಎಂದು ಬದಲಿಸಿಕೊಂಡರೆ 12-13 ವೋಲ್ಟ್ ಆಸುಪಾಸಿನಲ್ಲಿ ಕೆಲಸ ಆಗುತ್ತದೆ. ಹೊತ್ತು ದುಪ್ಪಟ್ಟು ಹಿಡಿಯುತ್ತದೆ.

ಪಟ್ಟಿಗಳಿಗೆ ಅಡ್ಡಲಾಗಿ ಒಂದು ಪುಟ್ಟ ಡಿಜಿಟಲ್ ವೋಲ್ಟ್ ಮೀಟರ್ ಹಾಕುವುದನ್ನು ಯಾರೂ ಮಾಡುವುದಿಲ್ಲ. ಇಡೀ ಪೆಟ್ಟಿಗೆಯಲ್ಲಿ ಅತ್ಯಂತ ಉಪಯೋಗದ ಭಾಗ ಅದೇ. ಏಕೆ ಎಂಬುದು ಮುಂದೆ ಬರುತ್ತದೆ.

ಪ್ಲಸ್ ಮೈನಸ್ ಅದಲುಬದಲಿಗೆ ಎರಡೂ ವೈರನ್ನು ಒಟ್ಟಿಗೆ ತಿರುಗಿಸುವ ಡಿಪಿಡಿಟಿ ರಿಲೇ, 5 ನಿಮಿಷಕ್ಕೊಮ್ಮೆ ತಿರುಗಿಸುವ ಸೈಕ್ಲಿಕ್ ಟೈಮರ್. ಜೊತೆಗೆ ಟ್ಯಾಂಕ್ ತುಂಬುವ ಪೈಪಿನಲ್ಲಿ ಒಂದು ಫ್ಲೋ ಸ್ವಿಚ್. ನೀರು ಹರಿದಾಗ ಮಾತ್ರ ಘಟಕಕ್ಕೆ ಕರೆಂಟ್ ಸಿಗಬೇಕು. ಇದಿಲ್ಲದೆ ಮೋಟಾರ್ ಸ್ಟಾರ್ಟರಿಗೆ ಜೋಡಿಸಿದರೆ, ಬೋರ್ ಒಣಗಿ ಮೋಟಾರ್ ಸುಮ್ಮನೆ ತಿರುಗುವಾಗಲೂ ಬೆಳ್ಳಿ ಬಿಡುತ್ತಲೇ ಇರುತ್ತದೆ. ಪಟ್ಟಿ ಕೂರುವ ಟೀ (ಮೂರು ಬಾಯಿಯ ಪೈಪ್ ಜೋಡಣೆ) ಒಳಗೆ ನಿಂತ ಎರಡು ಲೋಟ ನೀರು ಬೆಳ್ಳಿಯ ಕಷಾಯ ಆಗುತ್ತದೆ, ಮುಂದಿನ ಸಲ ಅದೇ ಟ್ಯಾಂಕಿಗೆ ಹೋಗುತ್ತದೆ. ಬೆಳ್ಳಿ ಬಿಟ್ಟು ಎಲೆಕ್ಟ್ರಾನಿಕ್ಸ್ ಭಾಗವೆಲ್ಲ ಒಂದೂವರೆ ಸಾವಿರ ರೂಪಾಯಿಯೊಳಗೆ ಮುಗಿಯುತ್ತದೆ.

ಕೂರಿಸುವುದು ಎಲ್ಲಿ

ಒಂದೂವರೆ ಇಂಚಿನ ಯುಪಿವಿಸಿ ಟೀ ತೆಗೆದುಕೊಂಡು ಟ್ಯಾಂಕಿಗೆ ನೀರು ಬರುವ ಪೈಪಿನಲ್ಲಿ ಸೇರಿಸಿ. ಟೀಯ ಮೂರನೇ ಬಾಯಿ ಮೇಲಕ್ಕೆ ಮುಖ ಮಾಡಿದ್ದರೆ ಅಲ್ಲಿ ಗಾಳಿ ಸಿಕ್ಕಿಕೊಂಡು ಪಟ್ಟಿಯ ಅರ್ಧ ಒಣಗಿರುತ್ತದೆ, ಪಕ್ಕಕ್ಕೆ ತಿರುಗಿಸಿ. ಅದಕ್ಕೆ ಚೂಡಿಯ ಎಂಡ್ ಕ್ಯಾಪ್ ಹಾಕಿ, ಗಮ್ಮಿನಲ್ಲಿ ಅಂಟಿಸಬೇಡಿ, ಬಿಚ್ಚಿ ತೊಳೆಯುವ ಕೆಲಸ ಇದ್ದೇ ಇರುತ್ತದೆ. ಕ್ಯಾಪಿನಲ್ಲಿ ತಂತಿಯ ಗಾತ್ರಕ್ಕೆ ಎರಡು ತೂತು, ಒಳಗೂ ಹೊರಗೂ ಎಪಾಕ್ಸಿ. ಪಟ್ಟಿಗಳ ತುದಿಯಲ್ಲಿ ಅಂತರ ಕಾಯಲು ಪ್ಲಾಸ್ಟಿಕ್ ತುಂಡೊಂದು ಬೇಕು. ಬೆಳ್ಳಿ ಮೆತ್ತಗಿನ ಲೋಹ, ನೀರಿನ ರಭಸಕ್ಕೆ ಬಾಗಿ ಒಂದಕ್ಕೊಂದು ತಾಗಿಬಿಡುತ್ತದೆ.

ದನ ಬಾಯಿ ಹಾಕುವ ಬಾನಿಯಲ್ಲಿ, ಸಿಮೆಂಟ್ ತೊಟ್ಟಿಯಲ್ಲಿ ಪಟ್ಟಿ ಇಳಿಬಿಡುವುದು ಮಾತ್ರ ಬೇಡವೇ ಬೇಡ. ಹಸು ಕೆಲವೇ ವೋಲ್ಟಿನ ಸೋರಿಕೆಯನ್ನೂ ಮೂತಿಯಲ್ಲಿ ಗ್ರಹಿಸುತ್ತದೆ. ನಮಗೆ ಗೊತ್ತೇ ಆಗದಷ್ಟು ಕರೆಂಟಿಗೆ ಅದು ನೀರು ಕುಡಿಯುವುದು ಕಡಿಮೆ ಮಾಡುತ್ತದೆ, ಹಾಲು ಇಳಿಯುತ್ತದೆ. ಅಡಾಪ್ಟರ್ 230 ವೋಲ್ಟ್ ಲೈನಿನಿಂದ ಟ್ರಾನ್ಸ್‌ಫಾರ್ಮರ್ ಮೂಲಕ ಪೂರ್ತಿ ಬೇರ್ಪಟ್ಟ, ಬಿಐಎಸ್ ನೋಂದಣಿ ಗುರುತಿರುವ ಮಾಲಾಗಿರಲಿ. ಅಗ್ಗದ ಎಲ್‌ಇಡಿ ಬಲ್ಬುಗಳಲ್ಲಿ ಬರುವ ಕೆಪಾಸಿಟರ್ ಡ್ರಾಪರ್ ಬೋರ್ಡು ಬಳಸಿದರೆ 230 ವೋಲ್ಟ್ ನೇರ ನೀರಿಗೆ ಬರುತ್ತದೆ. ಅಲ್ಲಿ ಹಾಲಿನ ಮಾತಲ್ಲ, ಜೀವದ ಮಾತು.

ಬಾನಿ ಬೇಡ ಎನ್ನಲು ಇನ್ನೊಂದು ಕಾರಣ ಉಂಟು. ಬೂಸಾ, ಹಿಂಡಿ ಕಲಸಿದ ನೀರಿನಲ್ಲಿ, ಕಲಗಚ್ಚಿನಲ್ಲಿ ಬೆಳ್ಳಿ ಪ್ರೋಟೀನಿಗೆ ಅಂಟಿಕೊಂಡು ನಿಷ್ಕ್ರಿಯವಾಗುತ್ತದೆ. ದನದ ಜೊಲ್ಲು, ಪಾಚಿ, ಗೋಡೆಯ ಲೋಳೆ ಎಲ್ಲದರ ಕತೆಯೂ ಅಷ್ಟೇ. ತೊಟ್ಟಿಯನ್ನು ತಿಕ್ಕಿ ತೊಳೆದು ಹದಿನೈದು ದಿನಕ್ಕೊಮ್ಮೆ ಒಳಗೆ ಸುಣ್ಣ ಬಳಿಯುವ ಹಳೆಯ ಪದ್ಧತಿ ಬಿಟ್ಟು ಈ ಯಂತ್ರ ಕೂರಿಸಿದವರಿಗೆ ನಷ್ಟವೇ ಹೆಚ್ಚು.

ಕೆಡುವ ಬಗೆಗಳು

ಮೊದಲನೆಯದು ಕಪ್ಪು ಕೂದಲು. ಕರಗಿದ ಬೆಳ್ಳಿಯಲ್ಲಿ ಸ್ವಲ್ಪ ಭಾಗ ಮೈನಸ್ ಪಟ್ಟಿಗೆ ಹೋಗಿ ಮತ್ತೆ ಲೋಹವಾಗಿ ಕೂರುತ್ತದೆ. ಅದು ನಯವಾಗಿ ಕೂರದೆ ಜರಿಗಿಡದ ಎಲೆಯಂತೆ ಕವಲೊಡೆದು ಪ್ಲಸ್ ಪಟ್ಟಿಯ ಕಡೆಗೆ ಬೆಳೆಯುತ್ತದೆ, ಒಂದು ದಿನ ತಾಗುತ್ತದೆ. ತಾಗಿದ ಮೇಲೆ ಕರೆಂಟ್ ನೀರಿನಲ್ಲಿ ಹೋಗದೆ ಆ ಎಳೆಯಲ್ಲೇ ಓಡುತ್ತದೆ. ಸ್ಥಿರ ಕರೆಂಟ್ ಸರ್ಕ್ಯೂಟಿಗೆ ಇದರ ವ್ಯತ್ಯಾಸ ತಿಳಿಯುವುದಿಲ್ಲ, ಆಂಪಿಯರ್ ಮೀಟರ್ ಅದೇ 20 ತೋರಿಸುತ್ತದೆ. ವೋಲ್ಟ್ ಮೀಟರ್ ಬೇಕೆಂದದ್ದು ಇದಕ್ಕೆ: 4-5 ಇದ್ದದ್ದು ಸೊನ್ನೆಯ ಹತ್ತಿರ ಬಿದ್ದರೆ ಶಾರ್ಟ್. 9ಕ್ಕೆ ಏರಿ ನಿಂತರೆ ಪಟ್ಟಿ ಕಿಟ್ಟಗಟ್ಟಿದೆ, ಅಥವಾ ವೈರ್ ಬಿಟ್ಟಿದೆ, ಅಥವಾ ಟೀಯಲ್ಲಿ ನೀರಿಲ್ಲ.

ಎರಡನೆಯದು ಬಿಳಿ ಕಿಟ್ಟ. ಮೈನಸ್ ಪಟ್ಟಿಯ ಸುತ್ತ ನೀರು ಕ್ಷಾರವಾಗುವುದರಿಂದ ಗಡಸು ನೀರಿನ ಸುಣ್ಣ ಅಲ್ಲೇ ಗಟ್ಟಿಯಾಗುತ್ತದೆ. ಅದಲುಬದಲು ಮಾಡಿದರೆ ಬಹುಪಾಲು ತಾನೇ ಉದುರುತ್ತದೆ. ಉಳಿದದ್ದಕ್ಕೆ ನಿಂಬೆ ಉಪ್ಪಿನ (ಸಿಟ್ರಿಕ್ ಆಮ್ಲದ) ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಪಾತ್ರೆ ತಿಕ್ಕುವ ಹಸಿರು ನಾರಿನಿಂದ ಉಜ್ಜಬೇಕು. ಪ್ಲಸ್ ಪಟ್ಟಿಯ ಬೂದು-ಕಪ್ಪು ಪದರಕ್ಕೆ ನಿಂಬೆ ಉಪ್ಪು ಸಾಲದು, ಉಜ್ಜಿಯೇ ತೆಗೆಯಬೇಕು. ಬೆಳ್ಳಿ ಪಾತ್ರೆ ಮಿನುಗಿಸುವ ದ್ರಾವಣ ಬೇಡ, ಅದರ ರಾಸಾಯನಿಕ ನೀರಿಗೆ ಬರುತ್ತದೆ.

ಮೂರನೆಯದನ್ನು ಯಾರೂ ಗಮನಿಸುವುದಿಲ್ಲ: ಬೇಸಿಗೆ. ನಿಮಿಷಕ್ಕೆ 30 ಲೀಟರ್ ಬರುತ್ತಿದ್ದಾಗ 20 ಮಿಲಿಆಂಪಿಯರ್‌ಗೆ ಲೀಟರಿಗೆ 45 ಮೈಕ್ರೋಗ್ರಾಂ ಬೀಳುತ್ತದೆ, ಸರಿಯಾಗಿಯೇ ಇದೆ. ಏಪ್ರಿಲ್ ಹೊತ್ತಿಗೆ ಬೋರಿನಲ್ಲಿ 10 ಲೀಟರ್ ಬಂದರೆ ಅದೇ ಕರೆಂಟಿಗೆ 135 ಮೈಕ್ರೋಗ್ರಾಂ, ಮಿತಿ ದಾಟಿತು. 15 ಲೀಟರ್ ಬಕೆಟ್ ತುಂಬಲು ಎಷ್ಟು ಸೆಕೆಂಡ್ ಎಂದು ತಿಂಗಳಿಗೊಮ್ಮೆ ನೋಡಿ. 30 ಸೆಕೆಂಡ್ ಇದ್ದದ್ದು 90 ಆಗಿದ್ದರೆ, ಮೂರು ನಿಮಿಷದಲ್ಲಿ ಒಂದು ನಿಮಿಷ ಮಾತ್ರ ಘಟಕ ಓಡುವಂತೆ ಟೈಮರ್ ತಿರುಗಿಸಿ.

ಬೆಳ್ಳಿಯಿಂದ ಆಗದ್ದು

ಬೆಳ್ಳಿ ನಿಧಾನ. ಕ್ಲೋರಿನ್ ಅರ್ಧ ಗಂಟೆಯಲ್ಲಿ ಮಾಡುವ ಕೆಲಸಕ್ಕೆ ಇದಕ್ಕೆ ಹಲವು ಗಂಟೆ ಬೇಕು. ರಾತ್ರಿ ತುಂಬಿಸಿ ಬೆಳಿಗ್ಗೆ ಕುಡಿಸುವುದೇ ಸರಿಯಾದ ಕ್ರಮ. ಕರುಗಳಿಗೆ ಭೇದಿ ತರುವ ಕ್ರಿಪ್ಟೋಸ್ಪೊರಿಡಿಯಂನ ಗಟ್ಟಿ ಕೋಶದ ಮೇಲೆ, ಬ್ಯಾಕ್ಟೀರಿಯಾದ ಬೀಜಕಗಳ ಮೇಲೆ ಈ ಪ್ರಮಾಣದ ಬೆಳ್ಳಿಯನ್ನು ನಂಬುವಂತಿಲ್ಲ. ಮನುಷ್ಯರ ಕುಡಿಯುವ ನೀರಿನ ಬಗ್ಗೆ 2018ರಲ್ಲಿ ಬ್ರೋಮಿನ್, ಅಯೋಡಿನ್, ಬೆಳ್ಳಿಗಳನ್ನು ಪರಿಶೀಲಿಸಿದ ವಿಶ್ವ ಆರೋಗ್ಯ ಸಂಸ್ಥೆಯೂ ಬೆಳ್ಳಿಯನ್ನು ಮುಖ್ಯ ಸೋಂಕುನಿವಾರಕವಾಗಿ ಬಳಸಲು ಈಗಿರುವ ಪುರಾವೆ ಸಾಲದು ಎಂದೇ ಹೇಳಿತು. ಶುದ್ಧವಾದ ನೀರು ಟ್ಯಾಂಕಿನಲ್ಲಿ ಕೆಡದಂತೆ ಕಾಯುವುದು ಅದಕ್ಕೆ ಒಪ್ಪುವ ಕೆಲಸ. ರಷ್ಯನ್ನರು ಮಿರ್ ಮತ್ತು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ತಮ್ಮ ಭಾಗದಲ್ಲಿ ಬೆಳ್ಳಿ ಬಳಸಿದ್ದೂ ಕೂಡಿಟ್ಟ ನೀರನ್ನು ಕಾಯಲು.

ಫ್ಲೋರೈಡ್, ನೈಟ್ರೇಟ್, ಗಡಸುತನ ಯಾವುದನ್ನೂ ಇದು ಮುಟ್ಟುವುದಿಲ್ಲ. ಕೆಚ್ಚಲು ಬಾವು ನಿಲ್ಲುತ್ತದೆ, ಕಾಲುಬಾಯಿ ಜ್ವರ ಹತ್ತಿರ ಸುಳಿಯುವುದಿಲ್ಲ, ಚರ್ಮಗಂಟು ರೋಗ ಬರುವುದಿಲ್ಲ ಎಂದೆಲ್ಲ ಹೇಳಿ ಮಾರುವವರಿದ್ದಾರೆ. ಕೆಚ್ಚಲು ಬಾವು ಕೊಟ್ಟಿಗೆಯ ನೆಲ ಮತ್ತು ಹಾಲು ಕರೆಯುವ ಕೈಯ ವಿಷಯ, ಕಾಲುಬಾಯಿ ಲಸಿಕೆಯ ವಿಷಯ, ಚರ್ಮಗಂಟು ಮುಖ್ಯವಾಗಿ ಸೊಳ್ಳೆ, ನೊಣ, ಉಣ್ಣೆಗಳ ವಿಷಯ. ಅವಕ್ಕೆ ನೀರಿನಲ್ಲಿ ಬೆಳ್ಳಿ ಬಿಡುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಹೆಚ್ಚು ಹಾಕಿದರೆ ಹೆಚ್ಚು ಒಳ್ಳೆಯದಲ್ಲವೇ ಎಂಬುದಕ್ಕೂ ಉತ್ತರ ಇದೆ. ಕೋಳಿ ಮತ್ತು ಹಂದಿಗಳ ಮೇಲಿನ ಪ್ರಯೋಗಗಳಲ್ಲಿ ಬೆಳ್ಳಿ ಅತಿಯಾದಾಗ ಸೆಲೆನಿಯಂ, ವಿಟಮಿನ್ ಇ, ತಾಮ್ರದ ಕೊರತೆಯ ಲಕ್ಷಣ ಕಂಡಿವೆ. ಅಲ್ಲಿ ಕೊಟ್ಟ ಪ್ರಮಾಣ ಇಲ್ಲಿಯದಕ್ಕಿಂತ ಬಹಳ ದೊಡ್ಡದು, ನಿಜ. ಆದರೆ ಮಿನರಲ್ ಮಿಕ್ಸ್ಚರಿಗೆ ದುಡ್ಡು ಕೊಟ್ಟು ನೀರಿನಲ್ಲಿ ಅದಕ್ಕೇ ಅಡ್ಡಗಾಲು ಹಾಕುವುದರಲ್ಲಿ ಅರ್ಥವಿಲ್ಲ.

ಖರ್ಚು, ಬ್ಲೀಚಿಂಗ್ ಪೌಡರಿನ ಪಕ್ಕದಲ್ಲಿಟ್ಟು

ಹಾಲು ಕೊಡುವ ಎಚ್‌ಎಫ್ ಮಿಶ್ರತಳಿ ಹಸುವಿಗೆ ದಿನಕ್ಕೆ 80 ಲೀಟರ್ ಎಂದು ಹಿಡಿಯಿರಿ. ಹತ್ತು ಹಸುವಿಗೆ 800 ಲೀಟರ್, ದಿನಕ್ಕೆ 40 ಮಿ.ಗ್ರಾಂ ಬೆಳ್ಳಿ, ವರ್ಷಕ್ಕೆ ಹದಿನಾಲ್ಕೂವರೆ ಗ್ರಾಂ. ಕೆ.ಜಿ.ಗೆ ಒಂದು ಲಕ್ಷದಂತೆ ಲೆಕ್ಕ ಹಾಕಿದರೂ ಸುಮಾರು 1500 ರೂಪಾಯಿ. 2025ರಲ್ಲಿ ದರ ಆ ಗೆರೆ ದಾಟಿದ್ದರಿಂದ ಇನ್ನೂ ಮೇಲೆಯೇ. ಎರಡೂ ಪಟ್ಟಿ ಸೇರಿ 34 ಗ್ರಾಂ ಇದ್ದರೂ ಅರ್ಧ ಸವೆದ ಮೇಲೆ ಅವು ತೆಳ್ಳಗಾಗಿ ಬಾಗುತ್ತವೆ, ಅಂತರ ಕೆಡುತ್ತದೆ. ಹಾಗಾಗಿ ವರ್ಷಕ್ಕೊಮ್ಮೆ ಬದಲಾಯಿಸಬೇಕು. ಉಳಿದ ಅರ್ಧ ಅಕ್ಕಸಾಲಿಗೆ ವಾಪಸ್ ಹೋಗುತ್ತದೆ, ಹಾಳಾಗುವುದಿಲ್ಲ.

ಅದೇ 800 ಲೀಟರಿಗೆ ಬ್ಲೀಚಿಂಗ್ ಪೌಡರ್ ಸಾವಿರ ಲೀಟರಿಗೆ 2.5 ಗ್ರಾಂ ಲೆಕ್ಕದಲ್ಲಿ 2 ಗ್ರಾಂ. ವರ್ಷಕ್ಕೆ ಮುಕ್ಕಾಲು ಕೆ.ಜಿ. ಕೂಡ ಆಗದು. ಪುಡಿಯನ್ನು ಸ್ವಲ್ಪ ನೀರಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಟ್ಯಾಂಕಿಗೆ ಸುರಿದು, ಅರ್ಧದಿಂದ ಒಂದು ಗಂಟೆ ಬಿಟ್ಟು, ಕ್ಲೋರಿನ್ ಪರೀಕ್ಷೆಯಲ್ಲಿ ಲೀಟರಿಗೆ 0.5 ಮಿ.ಗ್ರಾಂ ಉಳಿದಿದೆಯೇ ನೋಡಿದರೆ ಮುಗಿಯಿತು. ಉಳಿದಿದೆಯೋ ಇಲ್ಲವೋ ಎಂದು ಎರಡು ಹನಿ ದ್ರಾವಣದಲ್ಲಿ ಕೊಟ್ಟಿಗೆಯಲ್ಲೇ ನಿಂತು ನೋಡಬಹುದು, ಬೆಳ್ಳಿಗೆ ಆ ಸೌಲಭ್ಯ ಇಲ್ಲ. ಬ್ಲೀಚಿಂಗ್ ಪೌಡರಿನ ಕಷ್ಟ ಬೇರೆ: ಚೀಲ ಬಿಚ್ಚಿಟ್ಟರೆ ಕೆಲವೇ ವಾರಗಳಲ್ಲಿ ಸತ್ವ ಕಳೆದುಕೊಳ್ಳುತ್ತದೆ, ಟ್ಯಾಂಕಿನ ನೀರಿನಲ್ಲೂ ಬಿಸಿಲಿಗೆ ಹಾರಿಹೋಗುತ್ತದೆ, ದಿನಾ ಕೈಯಿಂದ ಹಾಕಬೇಕು. ಬೆಳ್ಳಿ ಹಾರುವುದಿಲ್ಲ, ವಾಸನೆಯೂ ಇಲ್ಲ. ಬೆಳ್ಳಿ ಕರಗಿಸಲು ಬೇಕಾದ ವಿದ್ಯುತ್ ಅರ್ಧ ವ್ಯಾಟಿನೊಳಗೆ, ಸಣ್ಣ ಸೋಲಾರ್ ಫಲಕದಲ್ಲೂ ನಡೆಯುತ್ತದೆ. ಮಲೆನಾಡಿನ ಒಂಟಿ ಮನೆಗಳಿಗೆ ಇದು ಒಪ್ಪುವುದು ಈ ಕಾರಣಕ್ಕೆ.

ಯಾರು ದೂರ ಇರಬೇಕು

ಟ್ಯಾಂಕ್ ತುಂಬಿ ಹರಿದ ನೀರು ಮೀನು ಸಾಕಿದ ಕೃಷಿಹೊಂಡಕ್ಕೆ ಹೋಗುತ್ತಿದ್ದರೆ ಈ ಯಂತ್ರ ಬೇಡ. ಬೆಳ್ಳಿ ಅಯಾನ್ ಮೀನಿಗೆ ಲೀಟರಿಗೆ ಕೆಲವೇ ಮೈಕ್ರೋಗ್ರಾಂ ಮಟ್ಟದಲ್ಲಿ ವಿಷ. ಅಜೋಲಾ ತೊಟ್ಟಿಗೂ ಈ ನೀರು ಹಾಕಬೇಡಿ, ಅಜೋಲಾದೊಳಗೆ ಸಾರಜನಕ ಹಿಡಿಯುವ ನೀಲಿಹಸಿರು ಪಾಚಿಗೆ ಬೆಳ್ಳಿ ಆಗಿಬರುವುದಿಲ್ಲ.

ಕುರಿ ಸಾಕುವವರು ತಾಮ್ರ-ಬೆಳ್ಳಿ ಜೋಡಿ ಪಟ್ಟಿಯ ಘಟಕದಿಂದ ದೂರ ಇರುವುದು ಒಳಿತು. ಆಸ್ಪತ್ರೆಗಳ ಬಿಸಿನೀರಿನ ಪೈಪುಗಳಲ್ಲಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ತಡೆಯಲು ಆ ಜೋಡಿ ಬಳಕೆಯಲ್ಲಿದೆ, ಅಲ್ಲಿಂದ ನೋಡಿ ಕೊಟ್ಟಿಗೆಗೂ ತಂದಿದ್ದಾರೆ. ಕುರಿಗೆ ತಾಮ್ರ ತಡೆಯುವುದಿಲ್ಲ, ಯಕೃತ್ತಿನಲ್ಲಿ ಸದ್ದಿಲ್ಲದೆ ಕೂಡಿಕೊಂಡು ಒಮ್ಮೆಲೇ ಹೊರಬೀಳುತ್ತದೆ. ದನದ ಹಿಂಡಿ, ದನದ ಮಿನರಲ್ ಮಿಕ್ಸ್ಚರ್ ಕುರಿಗೂ ಹಾಕುವ ಮನೆಗಳಲ್ಲಿ ಈಗಾಗಲೇ ತಾಮ್ರ ಹೆಚ್ಚಿರುತ್ತದೆ.

ಕೋಳಿ ಫಾರಂನಲ್ಲಿ ರಾಣಿಖೇತ್ ರೋಗಕ್ಕೆ ಲಸೋಟಾ ಲಸಿಕೆಯನ್ನು ನೀರಿನಲ್ಲಿ ಕೊಡುವ ಎರಡು ದಿನ ಮೊದಲೇ ಘಟಕ ನಿಲ್ಲಿಸಿ, ಟ್ಯಾಂಕ್ ಮತ್ತು ನಿಪ್ಪಲ್ ಲೈನ್ ಬರಿದು ಮಾಡಿ ಬರಿ ನೀರು ತುಂಬಿಸಬೇಕು. ಲಸಿಕೆಯ ನೀರಿಗೆ ಕೆನೆ ತೆಗೆದ ಹಾಲಿನ ಪುಡಿ ಬೆರೆಸುವ ರೂಢಿ ಇಲ್ಲಿಯೂ ಉಪಕಾರಿ. ಉಳಿದಿದ್ದ ಬೆಳ್ಳಿ ಹಾಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ.

ಕೆಲಸ ಮಾಡುತ್ತಿದೆಯೇ ಎಂದು ನೋಡುವುದು

ನೀರಿನಲ್ಲಿ ಕರಗಿದ ಲವಣ ತೋರಿಸುವ ಟಿಡಿಎಸ್ ಮೀಟರ್ ಇದಕ್ಕೆ ಆಗಿಬರುವುದಿಲ್ಲ. 50 ಮೈಕ್ರೋಗ್ರಾಂ ಅಂದರೆ 0.05 ಪಿಪಿಎಂ. 500 ಪಿಪಿಎಂ ಇರುವ ನೀರಿನಲ್ಲಿ ಮೀಟರಿನ ಕೊನೆಯ ಅಂಕಿಯೂ ಅಲುಗದು. ಮಾರುವವರು ಬಟ್ಟಿ ಇಳಿಸಿದ ನೀರಿನಲ್ಲಿ ಪಟ್ಟಿ ಅದ್ದಿ ಅಂಕಿ ಏರುವುದನ್ನು ತೋರಿಸುತ್ತಾರೆ. ಅದು ನಿಮ್ಮ ಟ್ಯಾಂಕಿನ ನೀರಲ್ಲ. ಬೆಳ್ಳಿ ಅಳೆಯಲು ಪ್ರಯೋಗಾಲಯದ ಐಸಿಪಿ-ಎಂಎಸ್‌ನಂಥ ಸೂಕ್ಷ್ಮ ಲೋಹ ಪರೀಕ್ಷೆಯೇ ಆಗಬೇಕು. ನೈಟ್ರಿಕ್ ಆಮ್ಲ ಹಾಕಿದ ಪ್ಲಾಸ್ಟಿಕ್ ಸೀಸೆಯನ್ನು ಅವರಿಂದಲೇ ಕೇಳಿ ಪಡೆಯಿರಿ, ಇಲ್ಲದಿದ್ದರೆ ದಾರಿಯಲ್ಲೇ ಬೆಳ್ಳಿ ಸೀಸೆಯ ಗೋಡೆಗೆ ಅಂಟಿ ವರದಿಯಲ್ಲಿ ಕಡಿಮೆ ಬರುತ್ತದೆ.

ಬ್ಯಾಕ್ಟೀರಿಯಾಕ್ಕೆ ಗ್ರಾಮ ಪಂಚಾಯಿತಿಗಳಿಗೆ ಜಲ ಜೀವನ ಮಿಷನ್‌ನಡಿ ಬಂದಿರುವ ಎಚ್‌ಟುಎಸ್ ಸೀಸೆ ಸಾಕು. ನೀರು ತುಂಬಿ ಬೆಚ್ಚಗಿಟ್ಟರೆ ಕಲುಷಿತ ನೀರು 24ರಿಂದ 48 ಗಂಟೆಯಲ್ಲಿ ಕಪ್ಪಾಗುತ್ತದೆ. ಇಲ್ಲೊಂದು ಬಲೆ ಇದೆ. ಸೀಸೆಯೊಳಗೂ ಬೆಳ್ಳಿ ತನ್ನ ಕೆಲಸ ಮುಂದುವರಿಸುವುದರಿಂದ, ಬಾನಿಯಲ್ಲಿ ಜೀವಂತವಿದ್ದ ಬ್ಯಾಕ್ಟೀರಿಯಾ ಸೀಸೆಯಲ್ಲಿ ಬೆಳೆಯದೆ ‘ನೀರು ಶುದ್ಧ’ ಎಂಬ ಸುಳ್ಳು ಫಲಿತಾಂಶ ಬರಬಹುದು. ಮಾದರಿ ತೆಗೆದ ಕೂಡಲೇ 100 ಮಿ.ಲೀ.ಗೆ ಶೇ 3ರ ಸೋಡಿಯಂ ಥಯೋಸಲ್ಫೇಟ್ ದ್ರಾವಣದ 2-3 ಹನಿ ಹಾಕಿ ಬೆಳ್ಳಿಯನ್ನು ಕಟ್ಟಿಹಾಕಿ, ಆಮೇಲೆ ಸೀಸೆಗೆ ತುಂಬಿ. ಮೀನಿನ ತೊಟ್ಟಿಯ ಅಂಗಡಿಗಳಲ್ಲಿ ಆಂಟಿ-ಕ್ಲೋರಿನ್ ಹರಳು ಎಂದು ಮಾರುವುದು ಸಾಮಾನ್ಯವಾಗಿ ಇದನ್ನೇ. ಟ್ಯಾಂಕಿನ ನಲ್ಲಿಯಿಂದ ಒಂದು, ದನ ಕುಡಿಯುವ ತೊಟ್ಟಿಯಿಂದ ಒಂದು, ಹೀಗೆ ಎರಡು ಮಾದರಿ ತೆಗೆಯಿರಿ. ಮೊದಲನೆಯದು ತಿಳಿಯಾಗಿದ್ದು ಎರಡನೆಯದು ಕಪ್ಪಾದರೆ ಘಟಕದ್ದೇನೂ ತಪ್ಪಿಲ್ಲ, ತೊಟ್ಟಿ ತಿಕ್ಕಬೇಕು.

ಕಟ್ಟುವ ತಾಳ್ಮೆ ಇಲ್ಲದೆ ರೆಡಿಮೇಡ್ ಕೊಳ್ಳುವವರು ಅಂಗಡಿಯಲ್ಲಿ ಕೇಳಬೇಕಾದದ್ದು ಇಷ್ಟು: ಪಟ್ಟಿಯ ತೂಕ ಎಷ್ಟು ಗ್ರಾಂ, ಟಚ್ ಎಷ್ಟು, ಕರೆಂಟ್ ಎಷ್ಟು ಮಿಲಿಆಂಪಿಯರ್, ಅದಲುಬದಲು ಎಷ್ಟು ಹೊತ್ತಿಗೊಮ್ಮೆ, ಎಷ್ಟು ಕ್ಲೋರೈಡ್‌ವರೆಗೆ ನಡೆಯುತ್ತದೆ. ಕೊನೆಯ ಪ್ರಶ್ನೆಗೆ ‘ಯಾವ ನೀರಾದರೂ ನಡೆಯುತ್ತೆ ಸಾರ್’ ಎಂಬ ಉತ್ತರ ಬಂದರೆ ಪೆಟ್ಟಿಗೆ ವಾಪಸ್ ಕೊಟ್ಟು ಬನ್ನಿ. ಬೆಳ್ಳಿಯ ತೂಕ ಹೇಳಲು ಹಿಂಜರಿದರೂ ಅಷ್ಟೇ. ಸ್ಟೀಲಿನ ಮೇಲೆ ತೆಳುವಾಗಿ ಬೆಳ್ಳಿ ಲೇಪಿಸಿದ ಪಟ್ಟಿ ನೋಡಲು ಗಟ್ಟಿ ಬೆಳ್ಳಿಯಂತೆಯೇ ಇರುತ್ತದೆ, ಲೇಪ ಸವೆದ ಮೇಲೆ ಕರಗುವುದು ಸ್ಟೀಲ್.